ಲೋಕಲ್ಲಾ, ನಾನ್ ಲೋಕಲ್ಲಾ?

ಹನ್ನೆರಡು ವರ್ಷದ ಹಿಂದಿನ ಮಾತು. ಉಪ್ಪಲ್ ರಿಂಗ್ ರೋಡಿನಲ್ಲಿ ಆಗಿನ್ನೂ ಮೆಟ್ರೊ ಕಂಬಗಳು ಏಳುತ್ತಿದ್ದವು. ಬಾಡಿಗೆ ಮನೆ ಹುಡುಕುತ್ತ ಒಂದು ಗಲ್ಲಿಗೆ ಹೋದಾಗ ಓನರ್ ಬಾಗಿಲಲ್ಲೇ ನಿಲ್ಲಿಸಿ ತೆಲುಗಿನಲ್ಲಿ ಕೇಳಿದರು, 'ಲೋಕಲೇನಾ ಅಂಡಿ?' ಅಲ್ಲ, ಕರ್ನಾಟಕದವನು ಎಂದೆ. 'ಬೆಂಗಳೂರಾ?' ಅಲ್ಲ, ಗುಲ್ಬರ್ಗಾ ಕಡೆ ಸೇಡಂ ಎಂದೆ. ಅವರ ಮುಖ ಅರಳಿತು. 'ಓ, ನಮ್ಮ ತಾಂಡೂರಿನ ಪಕ್ಕದಲ್ಲೇ! ಹಾಗಾದರೆ ಲೋಕಲ್ಲೇ ಬಿಡಿ' ಅಂದವರು ಅಡ್ವಾನ್ಸಿನಲ್ಲಿ ಒಂದು ತಿಂಗಳದ್ದು ಕಡಿಮೆ ಮಾಡಿದರು.

ಈಗ ಅದೇ ಉಪ್ಪಲ್ಲಿನಲ್ಲಿ ಒಂದು ಫೌಂಡೇಶನ್ ಕೋರ್ಸಿನ ಕೌನ್ಸೆಲರ್ ಎದುರು ಕೂತಿದ್ದೆ. ಮಗಳು ಐದನೇ ತರಗತಿ. ಆರರಿಂದಲೇ ಇಂಥ ಕೋರ್ಸಿಗೆ ಹಾಕುವುದು ಈ ಊರಿನ ರೂಢಿ. ಫಾರಂ ತುಂಬುತ್ತಿದ್ದ ಹುಡುಗಿ ತಲೆಯೆತ್ತದೆ ಕೇಳಿದಳು, 'ಪಾಪ ಲೋಕಲ್ಲಾ, ನಾನ್ ಲೋಕಲ್ಲಾ ಸಾರ್?' (ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಮಗು, ಮೊದಮೊದಲು ನನಗೂ ಅದು ಅನುಕಂಪದಂತೆ ಕೇಳಿಸುತ್ತಿತ್ತು.) ಇಲ್ಲೇ ಹುಟ್ಟಿದ್ದಾಳೆ, ಇಲ್ಲೇ ಓದುತ್ತಿದ್ದಾಳೆ ಎಂದೆ. 'ಅದಲ್ಲ ಸಾರ್, ಒಂಬತ್ತರಿಂದ ಹನ್ನೆರಡು ಎಲ್ಲಿ ಓದಿಸ್ತೀರಿ?' ಎಂದಳು. ಉತ್ತರ ನನ್ನಲ್ಲಿ ಇರಲಿಲ್ಲ. ಆ ಖಾನೆ ಖಾಲಿ ಬಿಟ್ಟೇ ಮನೆಗೆ ಬಂದೆ.

ಅಂದಿನಿಂದ ಈ ಒಂದು ಪದ ತಲೆಯಲ್ಲಿ ಕೊರೆಯುತ್ತಿದೆ. ಇಂಗ್ಲಿಷ್ ನಿಘಂಟು ತೆಗೆದರೆ ತೀರ ಸಾದಾ ಪದ. ಲ್ಯಾಟಿನ್ನಿನ ಲೋಕುಸ್, ಅಂದರೆ ಸ್ಥಳ, ಅದರಿಂದ ಲೋಕಲ್. ನಮ್ಮ 'ಲೋಕ'ಕ್ಕೂ ಅದಕ್ಕೂ ಸಂಬಂಧವಿಲ್ಲ. ಕಿವಿಗೆ ಮಾತ್ರ ಒಂದೇ, ಅರ್ಥದಲ್ಲಿ ಒಂದು ಜಗತ್ತು, ಇನ್ನೊಂದು ಓಣಿ. ಆದರೆ ನಾವು ಇದನ್ನು ಬಳಸುವ ಪರಿ ನೋಡಿದರೆ ಆಶ್ಚರ್ಯವಾಗುತ್ತದೆ. ಕೋಠಿಯ ಅಂಗಡಿಯಲ್ಲಿ ಚಾರ್ಜರ್ ಕೇಳಿದರೆ 'ಕಂಪನೀದು ಕೊಡಲಾ, ಲೋಕಲ್ ಕೊಡಲಾ' ಅನ್ನುತ್ತಾರೆ. ಅಲ್ಲಿ ಲೋಕಲ್ ಎಂದರೆ ಮೂರು ತಿಂಗಳು ಬಾಳುವ ಮಾಲು. ಅದೇ ಸಂತೆಯಲ್ಲಿ ಕೋಳಿಯೋ ಟೊಮೆಟೊವೋ ಲೋಕಲ್ ಆದರೆ ಬೆಲೆ ಜಾಸ್ತಿ, ರುಚಿಯೂ ಜಾಸ್ತಿ. ಅಲ್ಲಿ ಲೋಕಲ್ ಎಂದರೆ ಜವಾರಿ. ಮುಂಬೈಗೆ ಹೋದರೆ ಲೋಕಲ್ ಎಂದರೆ ರೈಲು. ಹೈದರಾಬಾದಿನಲ್ಲಿ 2003ರಲ್ಲಿ ಎಂಎಂಟಿಎಸ್ ಬಂತು, ಅದನ್ನೂ ಹಳಬರು 'ಲೋಕಲ್' ಎಂದೇ ಕರೆಯುತ್ತಾರೆ. ಹಲ್ಲಿನ ಡಾಕ್ಟರು 'ಬರೀ ಲೋಕಲ್ ಕೊಡ್ತೀನಿ, ನೋಯಲ್ಲ' ಅನ್ನುತ್ತಾರೆ. ಟ್ಯಾಕ್ಸಿಯವನಿಗೆ ಲೋಕಲ್ ಎಂದರೆ ಎಂಟು ತಾಸು, ಎಂಬತ್ತು ಕಿಲೋಮೀಟರ್. 'ಅವನು ಲೋಕಲ್ ಹುಡುಗ, ತಂಟೆಗೆ ಹೋಗಬೇಡ' ಎಂದರೆ ಹೆದರಿಕೆ. 'ಎಷ್ಟು ಲೋಕಲ್ ಆಗಿ ಮಾತಾಡ್ತಾನೆ' ಎಂದರೆ ತಿರಸ್ಕಾರ. ತೆಲುಗಿನ ನಾನಿ 2017ರಲ್ಲಿ 'ನೇನು ಲೋಕಲ್' ಅಂತಲೇ ಒಂದು ಸಿನಿಮಾ ಮಾಡಿದ. ಅಲ್ಲಿ ಅದು ಕಾಲರ್ ಎತ್ತಿ ಹೇಳುವ ಮಾತು.

ನನ್ನ ವಯಸ್ಸಿನವರಿಗೆ ಈ ಪದದ ಮೊದಲ ಪರಿಚಯ ಆಗಿದ್ದು ಹಳದಿ ಬೋರ್ಡಿನಲ್ಲಿ: ಲೋಕಲ್, ಎಸ್‌ಟಿಡಿ, ಐಎಸ್‌ಡಿ. ಒಂದು ರೂಪಾಯಿ ನಾಣ್ಯದಲ್ಲಿ ಮುಗಿಯುವುದು ಲೋಕಲ್, ಮೀಟರ್ ಓಡುತ್ತಿದ್ದಂತೆ ಎದೆ ಬಡಿದುಕೊಳ್ಳುವುದು ಎಸ್‌ಟಿಡಿ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಮೊಬೈಲಿನಲ್ಲೂ ಈ ಭೇದ ಇತ್ತು. ರೈಲು ತಾಂಡೂರಿನ ಹತ್ತಿರ ಬರುತ್ತಿದ್ದಂತೆ 'ವೆಲ್‌ಕಮ್' ಮೆಸೇಜ್ ಬಂದು ರೋಮಿಂಗ್ ಶುರು. ಅವ್ವನ ಫೋನು ಬಂದರೆ ಕಟ್ ಮಾಡಿ, ಇಲ್ಲಿನ ಸಿಮ್ಮಿನಿಂದ ತಿರುಗಿ ಮಾಡುತ್ತಿದ್ದೆ. ನಾಲ್ಕು ತಾಸಿನ ದಾರಿ ಅಷ್ಟೆ. ಸೇಡಂನಿಂದ ಬೆಂಗಳೂರಿಗಾದರೆ ಒಂದು ಇಡೀ ರಾತ್ರಿ ಬೇಕು, ಆದರೆ ಅಲ್ಲಿ ನನ್ನ ಸಿಮ್ಮು ಲೋಕಲ್!

ಆಫೀಸಿನಲ್ಲಂತೂ ದಿನಕ್ಕೆ ಐವತ್ತು ಸಲ ಈ ಪದ ಕೇಳುತ್ತೇನೆ. 'ನನ್ನ ಲೋಕಲ್‌ನಲ್ಲಿ ಓಡ್ತಿದೆ, ಸರ್ವರ್‌ನಲ್ಲಿ ಯಾಕೆ ಓಡ್ತಿಲ್ಲ ಗೊತ್ತಿಲ್ಲ' ಎಂಬುದು ನಮ್ಮ ವೃತ್ತಿಯ ಅತಿ ಹಳೆಯ ನೆಪ. ಪ್ರೋಗ್ರಾಮಿನಲ್ಲಿ ಲೋಕಲ್ ವೇರಿಯಬಲ್ ಎಂದರೆ ತನ್ನ ಫಂಕ್ಷನ್ನಿನ ಒಳಗಷ್ಟೇ ಬದುಕುವಂಥದ್ದು. ಹೊರಗೆ ಬಂದರೆ ಅದನ್ನು ಯಾರೂ ಗುರುತಿಸುವುದಿಲ್ಲ. ಇನ್ನು ಲೋಕಲ್‌ಹೋಸ್ಟ್: 127.0.0.1. ಯಾವುದೇ ಕಂಪ್ಯೂಟರ್ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ ಅದು. ನನ್ನ ಲ್ಯಾಪ್‌ಟಾಪನ್ನು ಉಪ್ಪಲ್ಲಿನಲ್ಲಿಡಿ, ಸೇಡಂನಲ್ಲಿಡಿ, ಸಿಂಗಪುರದಲ್ಲಿಡಿ, ಅದಕ್ಕೆ ತಾನು ಯಾವಾಗಲೂ ಲೋಕಲ್. ಯಾವ ಸರ್ಟಿಫಿಕೇಟೂ ಕೇಳುವುದಿಲ್ಲ.

ಇಷ್ಟೆಲ್ಲ ಬಳಕೆಯಲ್ಲಿ ಒಂದು ಸಂಗತಿ ಗಮನಿಸಿ. ಆಡುಮಾತಿನ ಲೋಕಲ್ ಹಿಗ್ಗುತ್ತದೆ, ಕುಗ್ಗುತ್ತದೆ. 'ಪಕ್ಕಾ ಲೋಕಲ್' ಇರುತ್ತಾರೆ, 'ಒಂಥರಾ ಲೋಕಲ್ಲೇ' ಇರುತ್ತಾರೆ. ಮನೆ ಓನರ್ ನನ್ನನ್ನು ಅರ್ಧ ನಿಮಿಷದಲ್ಲಿ ಲೋಕಲ್ ಮಾಡಿಕೊಂಡರು. ಸರಕಾರದ ಲೋಕಲ್ ಹಾಗಲ್ಲ. ಅದು ಹೌದು ಅಥವಾ ಇಲ್ಲ. ನಮ್ಮಂಥವರ ಬದುಕು ಸಿಕ್ಕಿಬೀಳುವುದು ಅಲ್ಲಿ.

ಈ ಹೌದು-ಇಲ್ಲದ ಕತೆ ಹೈದರಾಬಾದಿನಲ್ಲಿ ನೂರು ವರ್ಷಕ್ಕೂ ಹಳೆಯದು, ಅದರಲ್ಲಿ ಕನ್ನಡಿಗರ ಪಾಲೂ ಇದೆ. ನಿಜಾಮರ ಕಾಲದಲ್ಲಿ ಲೋಕಲ್ ಎಂಬುದಕ್ಕೆ ಇದ್ದ ಪದ 'ಮುಲ್ಕಿ'. ಮುಲ್ಕ್ ಅಂದರೆ ನಾಡು, ಮುಲ್ಕಿ ಅಂದರೆ ನಾಡಿನವನು. (ಮಂಗಳೂರು ಹತ್ತಿರದ ಮೂಲ್ಕಿಗೂ ಇದಕ್ಕೂ ನಂಟಿಲ್ಲ.) ಉತ್ತರ ಭಾರತದಿಂದ ಬಂದವರೇ ಒಳ್ಳೊಳ್ಳೆಯ ಹುದ್ದೆ ಹಿಡಿಯುತ್ತಿದ್ದಾರೆ ಎಂಬ ದೂರು ಎದ್ದು, ಸರಕಾರಿ ನೌಕರಿ ಮುಲ್ಕಿಗಳಿಗೇ ಎಂದು 1919ರಲ್ಲಿ ನಿಯಮ ಬಂತು. ಮುಲ್ಕಿ ಯಾರು? ಹುಟ್ಟಿನಿಂದ ಹೈದರಾಬಾದ್ ಸಂಸ್ಥಾನದ ಪ್ರಜೆಯಾದವನು. ಇಲ್ಲವೇ ಕನಿಷ್ಠ 15 ವರ್ಷ ಇಲ್ಲೇ ಕಾಯಂ ನೆಲೆಸಿ, ಹಿಂದಿನ ಊರಿಗೆ ಮರಳುವ ಯೋಚನೆಯನ್ನೇ ಬಿಟ್ಟಿದ್ದೇನೆ ಎಂದು ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಮಾಡಿದವನು.

ಈ ಕೊನೆಯ ಷರತ್ತನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನಗೆ ಇಲ್ಲಿ ಹನ್ನೆರಡು ವರ್ಷ ಆಗಿದೆ. ಇನ್ನು ಮೂರು ವರ್ಷ ಕಳೆದರೆ ನಿಜಾಮರ ಲೆಕ್ಕದಲ್ಲಿ ಅರ್ಧ ಮುಲ್ಕಿ. ಆದರೆ ಉಳಿದರ್ಧ? ಮರಳುವ ಯೋಚನೆ ಬಿಟ್ಟಿದ್ದೇನೆ ಎಂದು ಸಹಿ ಹಾಕಬಲ್ಲೆನೇ? ಈ ಅಂಕಣ ಓದುವ ಎಷ್ಟು ಜನ ಹಾಕಬಲ್ಲರು? ಪುಣೆಯಲ್ಲೋ ಚೆನ್ನೈಯಲ್ಲೋ ಇಪ್ಪತ್ತು ವರ್ಷ ಕಳೆದು, ಫ್ಲ್ಯಾಟ್ ಕೊಂಡು, ಇನ್ನೂ 'ರಿಟೈರ್ ಆದ ಮೇಲೆ ಊರಿಗೆ' ಎನ್ನುವವರು ನಾವು.

ನಮ್ಮಜ್ಜನಿಗೆ ಆ ತೊಂದರೆ ಇರಲಿಲ್ಲ. ಅವರು ಹುಟ್ಟಿನಿಂದಲೇ ಮುಲ್ಕಿ. ಆಗ ಗುಲ್ಬರ್ಗಾ, ರಾಯಚೂರು, ಬೀದರ್ ಮೂರೂ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಅಜ್ಜ ಉರ್ದುವಿನಲ್ಲಿ ಓದಿ ತಹಶೀಲಿನಲ್ಲಿ ಗುಮಾಸ್ತರಾಗಿದ್ದರು. ಅವರ ಟ್ರಂಕಿನಲ್ಲಿ ಮಡಚಿಟ್ಟ ಒಂದು ಉರ್ದು ಕಾಗದ ಇತ್ತು. 'ಮುಲ್ಕಿ ಸರ್ಟಿಫಿಕೇಟು, ಹರೀಬ್ಯಾಡ್ರಿ' ಎಂದು ಅಪ್ಪ ನಮ್ಮನ್ನು ಗದರುತ್ತಿದ್ದರು. ಅದನ್ನು ಓದಲು ಬರುವವರು ಮನೆಯಲ್ಲಿ ಈಗ ಯಾರೂ ಇಲ್ಲ. ಆ ಕಾಲದ ಕನ್ನಡಿಗರಿಗೆ ಹೈದರಾಬಾದ್ ಹೊರನಾಡು ಆಗಿರಲಿಲ್ಲ, ರಾಜಧಾನಿಯಾಗಿತ್ತು. ಕಾಚಿಗುಡಾ ಸುತ್ತ ಇವತ್ತಿಗೂ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗನ ಹೆಸರಿನ ಶಾಲೆ ಇದೆ. ನೃಪತುಂಗನ ಮಳಖೇಡ ನಮ್ಮ ಸೇಡಂ ತಾಲ್ಲೂಕಿನದೇ ಊರು.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಹೊರಗಿನಿಂದ ಅಧಿಕಾರಿಗಳು, ಮೇಷ್ಟ್ರುಗಳು ಬಂದರು, ನಕಲಿ ಮುಲ್ಕಿ ಸರ್ಟಿಫಿಕೇಟುಗಳೂ ಹುಟ್ಟಿಕೊಂಡವು. 1952ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. 'ನಾನ್ ಮುಲ್ಕಿ ಗೋ ಬ್ಯಾಕ್' ಜೊತೆಗೆ 'ಇಡ್ಲಿ ಸಾಂಬಾರ್ ಗೋ ಬ್ಯಾಕ್' ಎಂಬ ಘೋಷಣೆಯೂ ಕೇಳಿಬಂತು. ಸೆಪ್ಟೆಂಬರಿನಲ್ಲಿ ಸಿಟಿ ಕಾಲೇಜಿನ ಹತ್ತಿರ ಗೋಲಿಬಾರ್ ನಡೆದು ಪ್ರಾಣಗಳು ಹೋದವು. ಆ ಇಡ್ಲಿಯ ಪಟ್ಟಿಯಲ್ಲಿ ಗುಲ್ಬರ್ಗಾದವರು ಇರಲಿಲ್ಲ, ನಾವು ರೊಟ್ಟಿಯವರು, ಮುಲ್ಕಿಗಳು. ನಾಲ್ಕೇ ವರ್ಷ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ನಾವು ಮೈಸೂರಿಗೆ, ಮರಾಠವಾಡ ಮುಂಬೈಗೆ, ತೆಲಂಗಾಣ ಆಂಧ್ರಕ್ಕೆ. ಅಜ್ಜ ಕೂತಲ್ಲೇ ಕೂತಿದ್ದರು. ಅವರ ಕಾಗದ ಮಾತ್ರ ಕೆಲಸಕ್ಕೆ ಬಾರದ್ದಾಯಿತು.

ಮುಂದಿನದು ತೆಲಂಗಾಣದವರಿಗೆ ಬಾಯಿಪಾಠ. 1969ರ ಚಳವಳಿ, 1972ರ ಅಕ್ಟೋಬರಿನಲ್ಲಿ ಮುಲ್ಕಿ ನಿಯಮಗಳನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್ ತೀರ್ಪು, ಅದರ ವಿರುದ್ಧ ಜೈ ಆಂಧ್ರ ಚಳವಳಿ, ಆಮೇಲೆ ಸಂವಿಧಾನಕ್ಕೆ 371ಡಿ ವಿಧಿ. ಮುಲ್ಕಿ ಎಂಬ ಪದ ಹೋಗಿ ರಾಷ್ಟ್ರಪತಿಗಳ ಆದೇಶಗಳಲ್ಲಿ 'ಲೋಕಲ್ ಕ್ಯಾಂಡಿಡೇಟ್' ಬಂದ. ಅಳತೆಗೋಲೂ ಬದಲಾಯಿತು. ಎಲ್ಲಿ ಹುಟ್ಟಿದೆ ಎಂಬುದರ ಜಾಗದಲ್ಲಿ ಎಲ್ಲಿ ಓದಿದೆ ಎಂಬ ಪ್ರಶ್ನೆ ಬಂತು. ನನ್ನ ಮಟ್ಟಿಗೆ ಇದು ದೊಡ್ಡ ಸುಧಾರಣೆ. ತೆಲಂಗಾಣದ 2018ರ ಆದೇಶದಲ್ಲಿ ಸರಕಾರಿ ನೇಮಕದ ನೂರಕ್ಕೆ 95 ಹುದ್ದೆ ಲೋಕಲ್‌ಗಳಿಗೆ. ಒಂದರಿಂದ ಏಳನೇ ತರಗತಿಯೊಳಗೆ ನಾಲ್ಕು ವರ್ಷ ಓದಿದ ಜಾಗವೇ ಲೋಕಲ್. ವೈದ್ಯಕೀಯ ಸೀಟಿಗೆ ಬೇರೆ ಲೆಕ್ಕ: ಹನ್ನೆರಡನೇ ತರಗತಿಗೆ ಮುಗಿಯುವ ಸತತ ನಾಲ್ಕು ವರ್ಷ ಇಲ್ಲೇ ಓದಿರಬೇಕು. ಅದನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕೌನ್ಸೆಲರ್ ಹುಡುಗಿ ಕೇಳಿದ್ದು ಅದನ್ನೇ.

ಇದನ್ನು ನಾನು ಗೊಣಗುತ್ತ ಬರೆಯುತ್ತಿಲ್ಲ. ಗೊಣಗುವ ಅಧಿಕಾರ ನನಗಿಲ್ಲ. ನಮ್ಮ ಭಾಗಕ್ಕೆ 371ಜೆ ಬಂದಿದ್ದು ಇದೇ ತತ್ವದ ಮೇಲೆ. 2012ರಲ್ಲಿ ತಿದ್ದುಪಡಿ ಆಗಿ, ಮರುವರ್ಷ ಆದೇಶ ಬಂದು, ಅಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70, ಉಳಿದ ಕರ್ನಾಟಕದಲ್ಲಿ ನೂರಕ್ಕೆ 8 ಸೀಟು ನಮ್ಮವರಿಗೆ ಮೀಸಲಾಯಿತು. ನಾನು ಓದುವಾಗ ಅದಿರಲಿಲ್ಲ, ತಂಗಿಗೆ ಸಿಕ್ಕಿತು. ಅವಳಿಗಿಂತ ಜಾಣೆಯರಾದ ಗೆಳತಿಯರು ನಾನು ಓದುವ ಕಾಲದಲ್ಲಿ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತದ್ದನ್ನು ನೋಡಿದ್ದೇನೆ. ಹಿಂದುಳಿದ ಪ್ರದೇಶದ ಮಗು ರಾಜಧಾನಿಯ ಮಗುವಿನ ಎದುರು ಒಂದೇ ಗೆರೆಯಿಂದ ಓಡುವುದಿಲ್ಲ, ಆದ್ದರಿಂದ ಲೋಕಲ್ ಎಂಬ ರಕ್ಷಣೆ ಬೇಕು. ಕಲಬುರಗಿಯಲ್ಲಿ ಒಪ್ಪಿದ ಮಾತನ್ನು ಹೈದರಾಬಾದಿನಲ್ಲಿ ಅಲ್ಲಗಳೆಯಲಾರೆ. ವಿನೋದ ಏನೆಂದರೆ, ನನ್ನ 371ಜೆ ಸರ್ಟಿಫಿಕೇಟಿನಲ್ಲಿ ನಾನು 'ಹೈದರಾಬಾದ್-ಕರ್ನಾಟಕ'ದ ಸ್ಥಳೀಯ ವ್ಯಕ್ತಿ. 2019ರಲ್ಲಿ ಹೆಸರು ಕಲ್ಯಾಣ ಕರ್ನಾಟಕ ಆಗುವ ಮುಂಚೆ ಮಾಡಿಸಿದ್ದು. ಹೈದರಾಬಾದ್ ಎಂದು ಅಚ್ಚಾದ ಕಾಗದ ಕೈಯಲ್ಲಿದೆ, ಹೈದರಾಬಾದಿನಲ್ಲಿ ನಾನು ನಾನ್ ಲೋಕಲ್!

ನನ್ನ ತಕರಾರು ಇರುವುದು ಬೇರೆ ಎರಡು ಕಡೆ.

ಒಂದು, ಹುಟ್ಟಿನ ಅಳತೆ. 2024ರ ಜುಲೈ ನೆನಪಿದೆಯೇ? ಖಾಸಗಿ ಕಂಪನಿಗಳಲ್ಲಿ ಮ್ಯಾನೇಜ್‌ಮೆಂಟ್ ಹುದ್ದೆಗಳ ಅರ್ಧ, ಉಳಿದವುಗಳ ನೂರಕ್ಕೆ 70 ಸ್ಥಳೀಯರಿಗೆ ಎಂಬ ಮಸೂದೆಗೆ ಕರ್ನಾಟಕದ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮದವರು ಗದ್ದಲ ಎಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ನಮ್ಮ ಹೈದರಾಬಾದ್ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಸಂಜೆ ಹಬ್ಬ. ಚಪ್ಪಾಳೆ, ಹಳದಿ-ಕೆಂಪು ಹೃದಯಗಳು, 'ಈಗಲಾದರೂ ಬುದ್ಧಿ ಬಂತು' ಎಂಬ ಮಾತುಗಳು. ನಾನೂ ಒಂದು ಚಪ್ಪಾಳೆ ಒತ್ತಿದೆ. ರಾತ್ರಿ ಯಾರೋ ಮಸೂದೆಯ ವ್ಯಾಖ್ಯೆಯನ್ನು ಹಾಕಿದರು: ಸ್ಥಳೀಯ ಅಭ್ಯರ್ಥಿ ಎಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲೇ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತನಾಡಲು ಬಲ್ಲವನು. ಗುಂಪು ತಣ್ಣಗಾಯಿತು. ಮತ್ತೆ ಆ ಹದಿನೈದು! ಅದಕ್ಕಿಂತ ಹೆಚ್ಚಾಗಿ 'ಹುಟ್ಟಿ' ಎಂಬ ಎರಡಕ್ಷರ. ನಮ್ಮ ಮಕ್ಕಳಲ್ಲಿ ಎಷ್ಟು ಜನ ಕರ್ನಾಟಕದಲ್ಲಿ ಹುಟ್ಟಿದ್ದಾರೆ ಎಂದು ಎಲ್ಲರೂ ಮನಸ್ಸಿನಲ್ಲೇ ಎಣಿಸುತ್ತಿದ್ದಿರಬೇಕು. ನನ್ನ ಹೆಂಡತಿಗೆ ಏಳನೇ ತಿಂಗಳಲ್ಲಿ ಬಿಪಿ ಏರಿ, ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಹೆರಿಗೆ ಇಲ್ಲೇ ಆಯಿತು. ಪಕ್ಕದ ಫ್ಲ್ಯಾಟಿನ ಧಾರವಾಡದವರು ಪದ್ಧತಿಯಂತೆ ತವರಿಗೆ ಹೋಗಿ ಬಂದರು. ಇಬ್ಬರ ಮಕ್ಕಳೂ ಒಂದೇ ಶಾಲೆ, ಒಂದೇ ಆಟೊ. ಬಾಣಂತನ ಎಲ್ಲಾಯಿತು ಎಂಬುದರ ಮೇಲೆ ಒಂದು ಮಗು ಕನ್ನಡನಾಡಿನದು, ಇನ್ನೊಂದು ಅಲ್ಲವೇ? ಕನ್ನಡ ಬರಬೇಕು ಎನ್ನಿ, ಇಷ್ಟು ವರ್ಷ ಇಲ್ಲಿದ್ದಿರಬೇಕು ಎನ್ನಿ, ಒಪ್ಪುತ್ತೇನೆ. ಅವೆರಡನ್ನೂ ಮನುಷ್ಯ ಮನಸ್ಸು ಮಾಡಿದರೆ ಗಳಿಸಬಹುದು. ಹುಟ್ಟನ್ನು ಗಳಿಸಲು ಬರುವುದಿಲ್ಲ. ಹರಿಯಾಣದ ನೂರಕ್ಕೆ 75ರ ಕಾನೂನನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತು. ಕರ್ನಾಟಕ ಈ ಮಸೂದೆಯನ್ನು ಮತ್ತೆ ಕೈಗೆತ್ತಿಕೊಳ್ಳುವುದಾದರೆ ಮೊದಲು ಆ ಎರಡಕ್ಷರ ತೆಗೆಯಬೇಕು.

ಇನ್ನೊಂದು, ನಡುವಿನ ಮಕ್ಕಳು. ಇದು ನನ್ನ ಮನೆಯ ಊಟದ ಮೇಜಿನ ಲೆಕ್ಕ. ಕರ್ನಾಟಕದ ಸಿಇಟಿಗೆ ಮುಖ್ಯ ಅರ್ಹತೆ, ಒಂದರಿಂದ ದ್ವಿತೀಯ ಪಿಯುಸಿ ನಡುವೆ ಏಳು ವರ್ಷ ಕರ್ನಾಟಕದಲ್ಲಿ ಓದಿರುವುದು. ಮಗಳನ್ನು ಬರುವ ಜೂನಿನಲ್ಲಿ ಆರನೇ ತರಗತಿಗೆ ಕಲಬುರಗಿಗೆ ಸೇರಿಸಿದರೆ ಸರಿಯಾಗಿ ಏಳು ವರ್ಷ. ಒಂದು ವರ್ಷ ತಡವಾದರೆ ಆರೇ. ಹನ್ನೆರಡರವರೆಗೆ ಇಲ್ಲೇ ಇಟ್ಟರೆ ತೆಲಂಗಾಣದಲ್ಲಿ ಲೋಕಲ್. ನಡುವೆ, ಏಳಕ್ಕೋ ಹತ್ತಕ್ಕೋ, ಕಂಪನಿ ನನ್ನನ್ನು ಬೆಂಗಳೂರಿಗೆ ಹಾಕಿದರೆ ಅವಳು ಅಲ್ಲಿಗೂ ಅಲ್ಲ, ಇಲ್ಲಿಗೂ ಅಲ್ಲ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಎಂಬಂಥ ಬೇರೆ ಬಾಗಿಲುಗಳು ಇವೆ ನಿಜ, ಅವಕ್ಕೂ ಹನ್ನೆರಡನೇ ತರಗತಿ ಅಲ್ಲೇ ಮುಗಿಸಿರಬೇಕು ಎಂಬಂಥ ಚಿಲಕಗಳಿವೆ. ಹೊರಗಿರುವ ಪೋಷಕರು ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಮಗು ಐದನೇ ತರಗತಿಯಲ್ಲಿದ್ದಾಗಲೇ ಓದುವುದು ಒಳ್ಳೆಯದು. ನಾವು ಓದಿದ್ದು ತಡವಾಗಿ.

ಒಂದೊಂದು ರಾಜ್ಯವೂ ತನ್ನ ಬಾಗಿಲಲ್ಲಿ ನಿಂತು ನೋಡಿದರೆ ನಿಯಮ ಸರಿಯಾಗಿಯೇ ಇದೆ. ಎರಡೂ ಬಾಗಿಲ ನಡುವಿನ ಅಂಗಳದಲ್ಲಿ ನಿಂತ ಮಗು ಇಬ್ಬರಿಗೂ ಕಾಣುವುದಿಲ್ಲ. ತಾಂಡೂರಿನಿಂದ ಸೇಡಂಗೆ ಕೆಲಸಕ್ಕೆ ಬಂದ ತೆಲುಗರ ಮಕ್ಕಳಿಗೂ ಇದೇ ಪಾಡು. ಹಳೆಯ ಹೈದರಾಬಾದ್ ರಾಜ್ಯದಿಂದ ಹುಟ್ಟಿದ ಎರಡು ನೆರೆ ಪ್ರದೇಶಗಳಿಗೂ ಸಂವಿಧಾನದ 371ನೇ ವಿಧಿಯ ಸಾಲಿನಲ್ಲೇ ವಿಶೇಷ ಸ್ಥಾನವಿದೆ. ಎರಡೂ ಸರಕಾರಗಳು ಕೂತು ಒಂದು ಸಣ್ಣ ಒಪ್ಪಂದ ಮಾಡಿಕೊಳ್ಳಬಹುದು: ಒಂದು ಕಡೆ ಐದು, ಇನ್ನೊಂದು ಕಡೆ ಏಳು ವರ್ಷ ಓದಿದ ಮಗುವನ್ನು ಯಾರಾದರೂ ಒಬ್ಬರು ತಮ್ಮದು ಎನ್ನಲೇಬೇಕು ಎಂದು. ಪಿಎಫ್ ಖಾತೆಯನ್ನು ಕಂಪನಿಯಿಂದ ಕಂಪನಿಗೆ ವರ್ಗಾಯಿಸುತ್ತೇವೆ, ಮೊಬೈಲ್ ನಂಬರನ್ನು ರಾಜ್ಯದಿಂದ ರಾಜ್ಯಕ್ಕೆ ಒಯ್ಯುತ್ತೇವೆ. ಓದಿದ ವರ್ಷಗಳನ್ನು ಒಯ್ಯಲು ಯಾಕೆ ಆಗಬಾರದು? ರೋಮಿಂಗ್ ಕೂಡ ಒಂದು ಕಾಲದಲ್ಲಿ ಎಂದೂ ಹೋಗದ್ದು ಅನ್ನಿಸಿತ್ತು.

ಇದನ್ನು ಕೇಳಬೇಕಾದವರು ನಾವೇ, ಯಾಕೆಂದರೆ ಊರಲ್ಲೇ ಇರುವವರಿಗೆ ಇದು ತೊಂದರೆಯೇ ಅಲ್ಲ. ಆದರೆ ನಮ್ಮ ಸಂಘಗಳ ಬೇಡಿಕೆ ಪಟ್ಟಿಯಲ್ಲಿ ರಾಜ್ಯೋತ್ಸವಕ್ಕೆ ಕಲಾವಿದರನ್ನು ಕಳಿಸಿ ಎಂಬುದು ಇರುತ್ತದೆ, ಭವನಕ್ಕೆ ಅನುದಾನ ಇರುತ್ತದೆ, ಇದು ಇರುವುದಿಲ್ಲ. ಈ ಸಲದ ರಾಜ್ಯೋತ್ಸವದ ಸಭೆಯಲ್ಲಿ ನಾನು ಎತ್ತಿದೆ. 'ನಿಮ್ಮ ಮಗಳು ಎಂಜಿನಿಯರಿಂಗೇ ಮಾಡ್ತಾಳೇನ್ರೀ, ಮ್ಯಾನೇಜ್‌ಮೆಂಟ್ ಸೀಟು ತಗೊಂಡ್ರಾತು' ಎಂದರು ಒಬ್ಬರು. ಉಪ್ಪಲ್ಲಿನಲ್ಲಿ ಎಲ್ಲರೂ ಸಾಫ್ಟ್‌ವೇರಿನವರಲ್ಲ. ನಮ್ಮ ಗಲ್ಲಿಯ ಕೊನೆಯಲ್ಲಿ ಚಿಂಚೋಳಿಯಿಂದ ಬಂದು ಕಟ್ಟಡ ಕೆಲಸ ಮಾಡುವ ಕುಟುಂಬಗಳಿವೆ. ಅವರ ಮಕ್ಕಳು ಕೆಲಸ ಎಲ್ಲಿದೆಯೋ ಅಲ್ಲಿ ಶಾಲೆಗೆ ಹೋಗುತ್ತಾರೆ, ಎರಡು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಮ್ಯಾನೇಜ್‌ಮೆಂಟ್ ಸೀಟಿನ ಮಾತನ್ನು ಅವರ ಮುಂದೆ ಆಡಲು ಬಾರದು.

ಮೊನ್ನೆ ಮಗಳನ್ನೇ ಕೇಳಿದೆ, ನೀನು ಲೋಕಲ್ಲಾ ಅಂತ. ಅವಳ ಶಾಲೆಯಲ್ಲಿ ಸ್ಕೂಲ್ ಬಸ್ಸಿಗೆ ಬರದೆ ನಡೆದುಕೊಂಡು ಬರುವ ಮಕ್ಕಳಿಗೆ 'ಲೋಕಲ್ಸ್' ಎನ್ನುತ್ತಾರಂತೆ. 'ಇಲ್ಲ ಪಪ್ಪಾ, ನಾನು ಆಟೊ' ಎಂದಳು.

ಹೆಂಡತಿಗೆ ಕಲಬುರಗಿಯಲ್ಲಿ ಕೆಲಸ ಸಿಗುವುದು ಕಷ್ಟ, ನನಗೆ ಪೂರ್ತಿ ವರ್ಕ್ ಫ್ರಮ್ ಹೋಮ್ ಕೊಡುವುದಿಲ್ಲ ಎಂದಿದ್ದಾರೆ. ಹೋದರೆ ಅವರಿಬ್ಬರೂ ಅಲ್ಲಿ, ನಾನಿಲ್ಲಿ, ವಾರಕ್ಕೊಮ್ಮೆ ರೈಲು. ಕೌನ್ಸೆಲರ್ ಎರಡು ಸಲ ಫೋನು ಮಾಡಿದ್ದಾಳೆ. ಅರ್ಲಿ ಬರ್ಡ್ ರಿಯಾಯಿತಿ ಈ ತಿಂಗಳ ಕೊನೆಯವರೆಗೆ ಅಂತೆ. ಫಾರಂ ಫ್ರಿಜ್ಜಿನ ಮೇಲಿದೆ.